ಓದುಗರ ಪ್ರಶ್ನೆಗೆ ಉತ್ತರ: ದಿಲ್ಲಿಯಲ್ಲಿ ನಾಲ್ಕು ದಿನ, ಸೋಮವಾರದ ಮೇಲೊಂದು ಕಣ್ಣಿಟ್ಟು

ಪ್ರಶ್ನೆ: ನಾನು, ಪತ್ನಿ, ಎಪ್ಪತ್ತೆರಡು ವರ್ಷದ ತಾಯಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮೊದಲ ಬಾರಿಗೆ ದಿಲ್ಲಿ ನೋಡಲು ಹೊರಟಿದ್ದೇವೆ. ಉಡುಪಿಯಿಂದ ರೈಲಿನಲ್ಲಿ ಹೋಗುವ ಯೋಚನೆಯಿದೆ. ಅಲ್ಲಿ ನಮಗೆ ಸಿಗುವುದು ನಾಲ್ಕು ದಿನ. ಪರಿಚಯದ ಟೂರಿಸ್ಟ್ ಏಜೆಂಟರು ಕೊಟ್ಟ ಪಟ್ಟಿಯಲ್ಲಿ ಹದಿನೆಂಟು ಸ್ಥಳಗಳಿದ್ದು, ಎಲ್ಲವನ್ನೂ ಎರಡೇ ದಿನದಲ್ಲಿ ತೋರಿಸುತ್ತೇವೆ ಎನ್ನುತ್ತಾರೆ. ತಾಯಿಗೆ ಮೊಣಕಾಲು ನೋವು ಇದೆ. ದಸರಾ ರಜೆ ಒಳ್ಳೆಯದೋ, ಕ್ರಿಸ್‌ಮಸ್ ರಜೆಯೋ? ಯಾವುದನ್ನು ನೋಡಬೇಕು, ಯಾವುದನ್ನು ಬಿಟ್ಟರೂ ನಡೆದೀತು?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಮೊದಲು ಆ ಹದಿನೆಂಟರ ಪಟ್ಟಿಯನ್ನು ಮಡಚಿ ಬದಿಗಿಡಿ. ಎರಡು ದಿನದಲ್ಲಿ ಹದಿನೆಂಟು ಸ್ಥಳ ಎಂದರೆ, ಬಸ್ಸಿನಿಂದ ಇಳಿದು ಫೋಟೊ ತೆಗೆದು ಮತ್ತೆ ಬಸ್ಸು ಹತ್ತುವುದು ಎಂದೇ ಅರ್ಥ. ಹಾಗೆ ನೋಡಿ ಬಂದವರಿಗೆ ಮನೆಗೆ ತಲುಪುವಷ್ಟರಲ್ಲಿ ಯಾವ ಗುಮ್ಮಟ ಯಾರದೆಂಬುದೇ ಕಲಸಿಹೋಗಿರುತ್ತದೆ. ದಿಲ್ಲಿ ಒಂದು ಊರಲ್ಲ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ದೊರೆಗಳು ಕಟ್ಟಿದ ಹಲವು ಊರುಗಳು ಒಂದಕ್ಕೊಂದು ತಾಗಿಕೊಂಡು ಬೆಳೆದ ಜಾಗ. ಉಡುಪಿಯ ರಥಬೀದಿಯಿಂದ ಮಣಿಪಾಲಕ್ಕೆ ಹೋದಾಗ ಐದಾರು ಕಿಲೋಮೀಟರಿನಲ್ಲಿಯೇ ಊರಿನ ಸ್ವಭಾವ ಬದಲಾಗುವುದನ್ನು ನೀವು ಕಂಡಿದ್ದೀರಿ. ದಿಲ್ಲಿಯಲ್ಲಿ ಅಂಥ ಬದಲಾವಣೆ ದಿನಕ್ಕೆ ನಾಲ್ಕು ಸಲ ಆಗುತ್ತದೆ. ಆದ್ದರಿಂದ ಹೆಸರುಗಳ ಪಟ್ಟಿಗಿಂತ ಪ್ರದೇಶವನ್ನು ಹಿಡಿದು ಹೊರಡಿ. ಒಂದು ದಿನಕ್ಕೆ ಒಂದು ಪ್ರದೇಶ, ಅಲ್ಲಿ ಎರಡು ಸ್ಥಳ, ಹೆಚ್ಚೆಂದರೆ ಮೂರು. ತಾಯಿಯವರ ಮೊಣಕಾಲಿಗೂ ಮಕ್ಕಳ ಸಹನೆಗೂ ಇದೇ ಸರಿಯಾದ ಅಳತೆ.

ರಜೆಯ ಮಟ್ಟಿಗೆ ದಸರಾ ರಜೆಯನ್ನೇ ಆರಿಸಿಕೊಳ್ಳಿ, ಆದರೆ ದೀಪಾವಳಿಯ ತನಕ ಎಳೆಯಬೇಡಿ. ಅಕ್ಟೋಬರ್ ಕೊನೆಯಿಂದ ಉತ್ತರದ ಹೊಲಗಳಲ್ಲಿ ಕೂಳೆ ಸುಡುವ ಹೊಗೆ, ಪಟಾಕಿಯ ಹೊಗೆ ಮತ್ತು ವಾಹನಗಳ ಹೊಗೆ ಸೇರಿ, ಕಡಲ ಗಾಳಿಗೆ ಒಗ್ಗಿದ ನಮ್ಮ ಎದೆಗೆ ತಡೆಯದಷ್ಟು ದಟ್ಟವಾಗುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಚಳಿಗಿಂತ ಮಂಜಿನ ಕಾಟ ದೊಡ್ಡದು. ಡಿಸೆಂಬರ್ ಕೊನೆಯಿಂದ ಜನವರಿಯ ಮಧ್ಯದವರೆಗೆ ರೈಲು, ವಿಮಾನ ಎರಡೂ ತಾಸುಗಟ್ಟಲೆ ತಡವಾಗುವುದು ಅಪರೂಪವಲ್ಲ. ಆ ದಿನಗಳಲ್ಲಿ ಊರಿನಿಂದ ಒಯ್ದ ತೆಂಗಿನೆಣ್ಣೆ ಬಾಟಲಿಯೊಳಗೆ ಮೇಣದಂತೆ ಗಟ್ಟಿಯಾಗುತ್ತದೆ, ಬಿಸಿನೀರಿನ ಬಾಲ್ದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸದೆ ಒಂದು ಹನಿಯೂ ಇಳಿಯುವುದಿಲ್ಲ. ಒಣ ಚಳಿಗೆ ತುಟಿ ಒಡೆಯುತ್ತದೆ, ಬೆವರು ಬಾರದ ಕಾರಣ ನೀರು ಕುಡಿಯುವುದೇ ಮರೆತುಹೋಗುತ್ತದೆ. ಮೇ ತಿಂಗಳಿನ ಮಾತನ್ನು ಬಿಟ್ಟುಬಿಡಿ: ನಮ್ಮ ಸೆಖೆ ಬೇರೆ, 45 ಡಿಗ್ರಿಯ ಒಣ ಬಿಸಿಗಾಳಿಯೇ ಬೇರೆ.

ರೈಲಿನ ಬಗ್ಗೆ: ಎರ್ನಾಕುಲಂನಿಂದ ಬರುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಮಂಗಳೂರು, ಉಡುಪಿ ದಾಟಿ ಕೊಂಕಣ ರೈಲು ಮಾರ್ಗವಾಗಿ ಹೋಗಿ, ಎರಡು ರಾತ್ರಿಯ ಪ್ರಯಾಣದ ಬಳಿಕ ಹಜರತ್ ನಿಜಾಮುದ್ದೀನ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಅಕ್ಟೋಬರ್‌ನಲ್ಲಿಯೂ ಕೆಲವು ದಿನ ಜಾರಿಯಲ್ಲಿರುವುದರಿಂದ, ಹೊರಡುವ ಹೊತ್ತನ್ನು ಟಿಕೆಟ್ ಮಾಡಿಸುವಾಗಲೇ ಖಚಿತಪಡಿಸಿಕೊಳ್ಳಿ. ಪ್ರಾಸಂಗಿಕವಾಗಿ ಒಂದು ಮಾತು: ಈ ಕೊಂಕಣ ಮಾರ್ಗದ ನಿರ್ಮಾಣದ ಮುಂದಾಳಾಗಿದ್ದ ಇ. ಶ್ರೀಧರನ್ ಅವರೇ ಬಳಿಕ ದಿಲ್ಲಿ ಮೆಟ್ರೊವನ್ನೂ ಕಟ್ಟಿಸಿದವರು. 2002ರ ಡಿಸೆಂಬರ್‌ನಲ್ಲಿ ಓಡತೊಡಗಿದ ಆ ಮೆಟ್ರೊ ಇಂದು ಪ್ರವಾಸಿಗರಿಗೆ ದಿಲ್ಲಿಯ ಅತಿ ದೊಡ್ಡ ಅನುಕೂಲ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಮಹಿಳೆಯರಿಗೆ ಪ್ರತ್ಯೇಕ ಬೋಗಿಯಿದೆ, ಆಟೋದವರೊಡನೆ ಚೌಕಾಸಿ ಮಾಡುವ ಕಷ್ಟವಿಲ್ಲ.

ಇನ್ನು ಸೋಮವಾರದ ವಿಷಯ. ಕೆಂಪುಕೋಟೆ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಕರಕುಶಲ ವಸ್ತುಸಂಗ್ರಹಾಲಯ, ರೈಲು ಮ್ಯೂಸಿಯಂ, ಗಾಂಧಿ ಸ್ಮೃತಿ, ಕಮಲ ಮಂದಿರ, ಅಕ್ಷರಧಾಮ, ಪ್ರಧಾನಮಂತ್ರಿ ಸಂಗ್ರಹಾಲಯ ಇವೆಲ್ಲಕ್ಕೂ ಸೋಮವಾರ ರಜೆ. ನಾನು ಮೊದಲ ಸಲ ದಿಲ್ಲಿಗೆ ಹೋದಾಗ ಇದನ್ನು ಯಾರನ್ನೂ ಕೇಳದೆ, ಸೋಮವಾರ ಬೆಳಿಗ್ಗೆ ಕೆಂಪುಕೋಟೆಯ ಲಾಹೋರಿ ದ್ವಾರದ ಮುಂದೆ ಬಿಸಿಲಿನಲ್ಲಿ ನಿಂತು, ಮುಚ್ಚಿದ ಬಾಗಿಲನ್ನೇ ನೋಡಿಕೊಂಡು ಬಂದವನು. ಕುತುಬ್ ಮಿನಾರ್ ಮತ್ತು ಹುಮಾಯೂನನ ಗೋರಿ ವಾರದ ಎಲ್ಲ ದಿನವೂ ತೆರೆದಿರುತ್ತವೆ. ಹಾಗಾಗಿ ನಿಮ್ಮ ನಾಲ್ಕು ದಿನಗಳ ನಡುವೆ ಸೋಮವಾರ ಬಂದರೆ ಅದನ್ನು ಈ ಎರಡರಲ್ಲೊಂದಕ್ಕೆ ಕೊಟ್ಟುಬಿಡಿ. ಚಾಂದನಿ ಚೌಕದ ಅಂಗಡಿಗಳು ಹೆಚ್ಚಾಗಿ ಮುಚ್ಚಿರುವುದು ಭಾನುವಾರ. ಪೇಟೆಯ ಗದ್ದಲ ನೋಡಬೇಕೆನ್ನುವವರು ಆ ದಿನ ಅಲ್ಲಿಗೆ ಹೋಗಬಾರದು.

ಮೊದಲ ದಿನ, ನೀವು ರೈಲಿನಿಂದ ಇಳಿದ ನಿಜಾಮುದ್ದೀನಿನ ಪಕ್ಕದಿಂದಲೇ ಆರಂಭಿಸಿ. ಹುಮಾಯೂನ್ 1556ರಲ್ಲಿ ಹಳೆಯ ಕೋಟೆಯೊಳಗಿನ ತನ್ನ ಗ್ರಂಥಾಲಯದ ಮೆಟ್ಟಿಲಿನಿಂದ ಜಾರಿಬಿದ್ದು ತೀರಿಕೊಂಡ. ಅವನ ಪತ್ನಿ ಬೇಗಾ ಬೇಗಂ ಕೆಲವು ವರ್ಷಗಳ ಬಳಿಕ ಈ ಗೋರಿಯನ್ನು ಕಟ್ಟಿಸಿದಳು. ಹೆಂಡತಿಗಾಗಿ ಗಂಡ ಕಟ್ಟಿಸಿದ ತಾಜ್‌ಮಹಲಿನ ಕಥೆ ಮಕ್ಕಳಿಗೆ ಪಾಠದಲ್ಲಿ ಬಂದಿರುತ್ತದೆ. ಅದಕ್ಕಿಂತ ಸುಮಾರು ಎಂಬತ್ತು ವರ್ಷ ಮೊದಲು ಗಂಡನಿಗಾಗಿ ಹೆಂಡತಿ ಕಟ್ಟಿಸಿದ್ದು ಇದು ಎಂಬುದನ್ನೂ ಅವರಿಗೆ ತಿಳಿಸಿ. ಚೌಕಾಕಾರದ ತೋಟ, ಅದರ ನಡುವೆ ಎತ್ತರದ ಜಗಲಿ, ಅದರ ಮೇಲೆ ಕೆಂಪು ಕಲ್ಲಿಗೆ ಬಿಳಿ ಅಮೃತಶಿಲೆಯ ಅಂಚು ಕಟ್ಟಿದ ಕಟ್ಟಡ. ಬೆಳಗಿನ ಬಿಸಿಲು ಬಿದ್ದಾಗ ಆ ಕೆಂಪು ನಮ್ಮ ಮುರಕಲ್ಲಿನ ಕೆಂಪಿಗಿಂತ ತುಸು ಗುಲಾಬಿಯತ್ತ ವಾಲುತ್ತದೆ. 1857ರಲ್ಲಿ ಕೊನೆಯ ಮೊಗಲ ದೊರೆ ಬಹಾದೂರ್ ಶಾ ಜಫರ್ ಬ್ರಿಟಿಷರ ಕೈಗೆ ಸೆರೆ ಸಿಕ್ಕಿದ್ದೂ ಇಲ್ಲಿಯೇ. ಜಗಲಿಗೆ ಏರುವ ಮೆಟ್ಟಿಲುಗಳು ಕಡಿದಾಗಿರುವುದರಿಂದ ತಾಯಿಯವರು ಕೆಳಗೆ ತೋಟದಲ್ಲಿಯೇ ಕುಳಿತಿರಲಿ, ಅಲ್ಲಿಂದಲೂ ನೋಟಕ್ಕೆ ಕೊರತೆಯಿಲ್ಲ. ಪಕ್ಕದ ಸುಂದರ್ ನರ್ಸರಿ ಎಂಬ ಉದ್ಯಾನದಲ್ಲಿ ಸಮತಟ್ಟಾದ ದಾರಿಗಳೂ ನೆರಳೂ ಇವೆ. ಮಧ್ಯಾಹ್ನವನ್ನು ಅಲ್ಲಿ ಕಳೆದರೆ ರೈಲಿನ ಆಯಾಸವೂ ಇಳಿಯುತ್ತದೆ.

ಎರಡನೆಯ ದಿನಕ್ಕೆ ನಿಮ್ಮ ಏಜೆಂಟರ ಪಟ್ಟಿಯಲ್ಲಿ ಇರಲಾರದ ಒಂದು ಜಾಗವನ್ನು ಸೂಚಿಸುತ್ತೇನೆ. ಹಳೆಯ ಕೋಟೆಯ ಎದುರು, ಭೈರೋನ್ ಮಾರ್ಗದಲ್ಲಿ, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸಗೊಳಿಸಿದ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವಿದೆ; ಮೆಟ್ರೊದ ನೀಲಿ ಮಾರ್ಗದ ಸುಪ್ರೀಂ ಕೋರ್ಟ್ ನಿಲ್ದಾಣ ಅದಕ್ಕೆ ಹತ್ತಿರ. ಅಂಗಳದಿಂದ ಅಂಗಳಕ್ಕೆ ತೆರೆದುಕೊಳ್ಳುವ ಆ ಕಟ್ಟಡದೊಳಗೆ ನಡೆಯುತ್ತಿದ್ದಂತೆ ಒಂದು ಕಡೆ ನಿಮ್ಮ ತಾಯಿಯವರು ತಟ್ಟನೆ ನಿಂತು ಕೈಮುಗಿದರೆ ಆಶ್ಚರ್ಯವಿಲ್ಲ. ಅಲ್ಲಿರುವುದು ನಮ್ಮ ಭೂತಗಳ ಮರದ ಮೂರ್ತಿಗಳು. ಉಡುಪಿ ಜಿಲ್ಲೆಯದೇ ಆದ, ನಿಮಗೆ ದೂರವಲ್ಲದ ಮೆಕ್ಕೆಕಟ್ಟಿನ ನಂದಿಕೇಶ್ವರ ದೈವಸ್ಥಾನದಲ್ಲಿ ಹೊಸ ಮೂರ್ತಿಗಳು ಬಂದಾಗ, ಹಳೆಯವುಗಳಲ್ಲಿ ಕೆಲವು ಈ ಸಂಗ್ರಹಕ್ಕೆ ಸೇರಿದವು. ಇಂದು ಮೆಕ್ಕೆಕಟ್ಟಿಗೆ ಹೋದರೆ ಕಾಣುವುದು ಹೊಳೆಯುವ ಕೆಂಪು ಬಣ್ಣ ಬಳಿದ ಮೂರ್ತಿಗಳ ಸಾಲು. ದಿಲ್ಲಿಯಲ್ಲಿರುವುವಕ್ಕೆ ಬಣ್ಣ ಮಾಸಿದೆ, ಮರದ ನರ ಕಾಣುತ್ತದೆ, ಉಳಿಯ ಗುರುತನ್ನು ಒಂದೊಂದಾಗಿ ಲೆಕ್ಕಹಾಕಬಹುದು. ಅಗಲವಾಗಿ ತೆರೆದ ಕಣ್ಣು, ನೆಟ್ಟಗೆ ನಿಂತ ಮೈ, ಎದುರಿನವರನ್ನು ನೇರವಾಗಿ ಕೇಳುವಂಥ ಮುಖ. ಊರಿನಲ್ಲಿ ದೂರದಿಂದ ನೋಡಿ ಕೈಮುಗಿದು ಬರುವವರಿಗೆ, ಯಾವನೋ ಹೆಸರಿಲ್ಲದ ನಮ್ಮ ಬಡಗಿಯ ಕೈಚಳಕವನ್ನು ಒಂದು ಮಾರು ದೂರದಲ್ಲಿ ನಿಂತು ನೋಡುವ ಅವಕಾಶ ದಿಲ್ಲಿಯಲ್ಲಿ ಸಿಗುತ್ತದೆ ಎಂಬುದು ವಿಚಿತ್ರವೇ ಸರಿ. ದೈವಸ್ಥಾನದಲ್ಲಿ ಇರಬೇಕಾದದ್ದು ಮ್ಯೂಸಿಯಂನಲ್ಲಿ ಇರಬಹುದೇ ಎಂಬ ಪ್ರಶ್ನೆ ಮನೆಯ ಹಿರಿಯರಿಂದ ಬಂದೀತು. ಅದಕ್ಕೆ ನನ್ನಲ್ಲೂ ಸಿದ್ಧ ಉತ್ತರವಿಲ್ಲ, ಆದರೆ ಹಾಳಾಗದೆ ಉಳಿದಿವೆ ಎಂಬುದಂತೂ ನಿಜ.

ಅದೇ ದಿನ ಸಂಜೆ ಇಂಡಿಯಾ ಗೇಟ್ ಕಡೆಗೆ ಹೋಗಬಹುದು. ಅದರ ಬಗ್ಗೆ ಕೊನೆಯ ಪ್ರಶ್ನೆಯ ಉತ್ತರದಲ್ಲಿ ಬರೆದಿದ್ದೇನೆ.

ಮೂರನೆಯ ದಿನ ಹಳೆ ದಿಲ್ಲಿಗೆ. ಬೆಳಿಗ್ಗೆ ಬೇಗ ಹೊರಟು ಮೆಟ್ರೊದಲ್ಲಿ ಲಾಲ್ ಕಿಲಾ ನಿಲ್ದಾಣದಲ್ಲಿ ಇಳಿಯಿರಿ. ಶಹಜಹಾನ್ 1639ರಲ್ಲಿ ಕೆಲಸ ಆರಂಭಿಸಿ 1648ರಲ್ಲಿ ಪ್ರವೇಶ ಮಾಡಿದ ಕೋಟೆ ಇದು. ಹೊರಗಿನ ಗೋಡೆಯ ಭವ್ಯತೆಯನ್ನು ನೋಡಿ ಒಳಗೆ ಹೋದವರಿಗೆ ಮೊದಲಿಗೆ ತುಸು ನಿರಾಶೆಯಾಗಬಹುದು, ಏಕೆಂದರೆ 1857ರ ಬಳಿಕ ಬ್ರಿಟಿಷರು ಒಳಗಿನ ಬಹುಪಾಲು ಅರಮನೆಗಳನ್ನು ಕೆಡವಿ ಸೈನಿಕರ ಬ್ಯಾರಕ್‌ಗಳನ್ನು ಕಟ್ಟಿದರು. ಉಳಿದಿರುವ ದಿವಾನ್‌-ಎ-ಖಾಸ್‌ನಲ್ಲಿ ನವಿಲಿನ ಸಿಂಹಾಸನವಿತ್ತು. 1739ರಲ್ಲಿ ನಾದಿರ್ ಶಾ ಅದನ್ನು ಹೊತ್ತೊಯ್ದ. ಅರಮನೆಗಳ ನಡುವೆ ಹರಿಯುತ್ತಿದ್ದ ನೀರಿನ ಕಾಲುವೆ ಈಗ ಒಣಗಿದೆ, ಆದರೆ ಅಮೃತಶಿಲೆಯಲ್ಲಿ ಅದರ ದಾರಿ ಹಾಗೆಯೇ ಇದೆ. ಮಕ್ಕಳಿಗೆ ಅದನ್ನು ಹಿಂಬಾಲಿಸಿ ನಡೆಯಲು ಹೇಳಿದರೆ ಕೋಟೆಯ ವಿನ್ಯಾಸ ತಾನಾಗಿ ಅರ್ಥವಾಗುತ್ತದೆ. ಆ ಬ್ಯಾರಕ್‌ಗಳಲ್ಲಿಯೇ ಈಗ ನೇತಾಜಿ ಮತ್ತು ಆಜಾದ್ ಹಿಂದ್ ಫೌಜಿನ ಸಂಗ್ರಹಾಲಯವಿದೆ. 1945ರಲ್ಲಿ ಆ ಸೇನೆಯ ಅಧಿಕಾರಿಗಳ ವಿಚಾರಣೆ ನಡೆದದ್ದು ಈ ಕೋಟೆಯಲ್ಲಿ. ನೆಹರೂ ಇಲ್ಲಿ ಮೊದಲ ಸಲ ಧ್ವಜ ಹಾರಿಸಿದ್ದು 1947ರ ಆಗಸ್ಟ್ 16ರಂದು, 15ರಂದು ಅಲ್ಲ. ಮಕ್ಕಳು ರಸಪ್ರಶ್ನೆಯಲ್ಲಿ ಭಾಗವಹಿಸುವವರಾದರೆ ನೆನಪಿಟ್ಟುಕೊಳ್ಳಲಿ.

ಕೋಟೆಯ ಎದುರು ದಾಟಿದರೆ ದಿಗಂಬರ ಜೈನರ ಲಾಲ್ ಮಂದಿರ. ಅದರ ಆವರಣದಲ್ಲಿ ಗಾಯಗೊಂಡ ಹಕ್ಕಿಗಳಿಗಾಗಿಯೇ ಒಂದು ಆಸ್ಪತ್ರೆಯಿದೆ. ಕಾರ್ಕಳ, ಮೂಡುಬಿದಿರೆಯ ಬಸದಿಗಳನ್ನು ನೋಡಿದ ಮಕ್ಕಳಿಗೆ ಇದು ಹೊಸದು. ಅಲ್ಲಿಂದ ಚಾಂದನಿ ಚೌಕ ಆರಂಭವಾಗುತ್ತದೆ. ಶಹಜಹಾನನ ಮಗಳು ಜಹನಾರಾ ರೂಪಿಸಿದ ಈ ಬೀದಿಯಲ್ಲಿ ಈಗ ಹಗಲು ಹೊತ್ತು ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ, ಹೀಗಾಗಿ ತಾಯಿಯವರನ್ನು ಸೈಕಲ್ ರಿಕ್ಷಾದಲ್ಲಿ ಕೂರಿಸಿ ನಿಶ್ಚಿಂತೆಯಿಂದ ಹೋಗಬಹುದು. ಬಾಡಿಗೆಯನ್ನು ಮಾತ್ರ ಹತ್ತುವ ಮೊದಲೇ ಮಾತಾಡಿಕೊಳ್ಳಿ. ದಾರಿಯಲ್ಲಿ ಸಿಗುವ ಸೀಸ್‌ಗಂಜ್ ಗುರುದ್ವಾರ, 1675ರಲ್ಲಿ ಗುರು ತೇಗ್ ಬಹಾದೂರ್ ಅವರ ಶಿರಚ್ಛೇದನವಾದ ಸ್ಥಳ. ತಲೆಗೆ ಬಟ್ಟೆ ಹೊದ್ದು ಯಾರೂ ಒಳಗೆ ಹೋಗಬಹುದು. ಬೀದಿಯ ಇನ್ನೊಂದು ತುದಿಯ ಖಾರಿ ಬಾವಲಿಯಲ್ಲಿ ಮೆಣಸು, ಏಲಕ್ಕಿ, ಒಣಹಣ್ಣುಗಳ ಗೋಣಿಗಳು ಕಾಲಿಡಲು ಜಾಗವಿಲ್ಲದಂತೆ ರಾಶಿಬಿದ್ದಿರುತ್ತವೆ, ಒಣಮೆಣಸಿನ ಘಾಟಿಗೆ ಹೋಗಿಬರುವವರೆಲ್ಲ ಕೆಮ್ಮುತ್ತಿರುತ್ತಾರೆ. ಜಾಮಾ ಮಸೀದಿಯ ಮೆಟ್ಟಿಲುಗಳು ಹೆಚ್ಚು. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತನ್ನು ಬಿಟ್ಟು, ಕಾಲಿನಲ್ಲಿ ಕಸುವಿದ್ದವರು ಹೋಗಿಬನ್ನಿ.

ನಾಲ್ಕನೆಯ ದಿನ ಕುತುಬ್. ಮಿನಾರಿನ ಎತ್ತರ 72.5 ಮೀಟರ್, ಒಳಗೆ 379 ಮೆಟ್ಟಿಲು. ಆದರೆ 1981ರಲ್ಲಿ ನೂಕುನುಗ್ಗಲಿನ ದುರಂತ ನಡೆದ ಬಳಿಕ ಮೇಲೇರಲು ಬಿಡುವುದಿಲ್ಲ. ನನ್ನ ಮಟ್ಟಿಗೆ ಅಲ್ಲಿ ಮಿನಾರಿಗಿಂತ ದೊಡ್ಡ ವಿಸ್ಮಯ ಅಂಗಳದಲ್ಲಿ ನಿಂತಿರುವ ಕಬ್ಬಿಣದ ಕಂಬ. ಗುಪ್ತರ ಕಾಲದ, ಆರು ಟನ್‌ಗಿಂತ ಹೆಚ್ಚು ಭಾರದ ಆ ಕಂಬ ಹದಿನಾರು ನೂರು ವರ್ಷಗಳಾದರೂ ತುಕ್ಕು ಹಿಡಿದು ಸವೆದಿಲ್ಲ. ಗೇಟಿಗೆ ವರ್ಷಕ್ಕೊಮ್ಮೆ ಬಣ್ಣ ಹೊಡೆದರೂ ಒಂದು ಮಳೆಗಾಲಕ್ಕೆ ತುಕ್ಕು ಕಾಣುವ ನಮ್ಮ ಊರಿನವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಹಳೆಯ ಕಮ್ಮಾರರು ಇದ್ದಿಲಿನಲ್ಲಿ ತಯಾರಿಸಿದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿ ಉಳಿದು, ಅದರಿಂದ ಮೇಲ್ಮೈಯಲ್ಲಿ ತೆಳುವಾದ ರಕ್ಷಣಾ ಪದರ ಉಂಟಾಗಿದೆ ಎಂಬುದು ಲೋಹತಜ್ಞರ ವಿವರಣೆ. ದಿಲ್ಲಿಯ ಒಣ ಹವೆಯೂ ಅದಕ್ಕೆ ನೆರವಾಗಿದೆ. ಹಾಗೆಂದು ಎಲ್ಲವನ್ನೂ ಹವೆಯ ಲೆಕ್ಕಕ್ಕೆ ಹಾಕುವಂತಿಲ್ಲ, ಕೊಲ್ಲೂರಿನ ಮೇಲಿನ ಕೊಡಚಾದ್ರಿಯಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಅಂಥ ಮಳೆಯಲ್ಲಿಯೂ ಒಂದು ಕಬ್ಬಿಣದ ಕಂಬ ಉಳಿದುಕೊಂಡು ಬಂದಿದೆ. ಕುತುಬ್ ಆವರಣ ಬಹುಮಟ್ಟಿಗೆ ಸಮತಟ್ಟಾಗಿದ್ದು ತಾಯಿಯವರಿಗೆ ತ್ರಾಸವಾಗಲಾರದು.

ಉಳಿದ ಸಮಯದಲ್ಲಿ ಮಕ್ಕಳಿಗೆ ಚಾಣಕ್ಯಪುರಿಯ ರೈಲು ಮ್ಯೂಸಿಯಂ, ನಿಮಗೆ ಗಾಂಧೀಜಿ ತಮ್ಮ ಕೊನೆಯ 144 ದಿನಗಳನ್ನು ಕಳೆದ ಗಾಂಧಿ ಸ್ಮೃತಿ. ಕಮಲ ಮಂದಿರ, ಅಕ್ಷರಧಾಮ ಎರಡೂ ಚೆಂದವೇ. ಆದರೆ ಸರತಿಯಲ್ಲಿ ನಿಲ್ಲುವ ಹೊತ್ತನ್ನು ಲೆಕ್ಕಹಾಕಿದರೆ ಈ ಸಲ ಬಿಡಬಹುದು. ರಾಷ್ಟ್ರಪತಿ ಭವನಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ.

ಪ್ರಶ್ನೆ: ಒಂದು ವಾರ ರೊಟ್ಟಿ, ಪರೋಟ ತಿಂದರೆ ನಮ್ಮ ಮನೆಯವರಿಗೆ ಆಗುವುದಿಲ್ಲ. ದಿಲ್ಲಿಯಲ್ಲಿ ನಮ್ಮ ಕಡೆಯ ಊಟ ಸಿಗುತ್ತದೆಯೇ?
– ಗೃಹಿಣಿಯೊಬ್ಬರು, ಮಲ್ಪೆ

ಉತ್ತರ: ಚಾಣಕ್ಯಪುರಿಯ ಕರ್ನಾಟಕ ಭವನದ ಕ್ಯಾಂಟೀನಿನಲ್ಲಿ ಅನ್ನ, ಸಾರು, ದೋಸೆಗೆ ತೊಂದರೆಯಿಲ್ಲ. ವಸಂತಕುಂಜ್‌ನಲ್ಲಿ ಪೇಜಾವರ ಮಠದ ಶ್ರೀಕೃಷ್ಣನ ಗುಡಿಯಿದೆ, ಉಡುಪಿಯವರಿಗೆ ಅಲ್ಲಿ ಮಾತಿಗೂ ಜನ ಸಿಗುತ್ತಾರೆ. ಬೆಳ್ತಿಗೆ ಅನ್ನ ಎಲ್ಲಿಯೂ ಸಿಗುತ್ತದೆ. ಕುಚ್ಚಲಕ್ಕಿ ಗಂಜಿಯೇ ಬೇಕೆನ್ನುವವರು ಎರಡು ಸೇರು ಅಕ್ಕಿಯನ್ನೂ ಉಪ್ಪಿನಕಾಯಿಯನ್ನೂ ಕಟ್ಟಿಕೊಂಡು, ಅಡುಗೆಗೆ ಅನುಕೂಲವಿರುವ ಕಡೆ ಉಳಿದುಕೊಳ್ಳುವುದೇ ಉಪಾಯ. ಮೀನಿನ ಆಸೆಯನ್ನು ರೈಲು ಹತ್ತುವಾಗಲೇ ಮಲ್ಪೆಯಲ್ಲಿ ಬಿಟ್ಟುಹೋಗಿ. ಆದರೂ ಒಂದು ಹೊತ್ತು ಚಾಂದನಿ ಚೌಕದ ಪರಾಠೆವಾಲಿ ಗಲ್ಲಿಯಲ್ಲಿ ಕುಳಿತುಕೊಳ್ಳಿ: ಅಲ್ಲಿ ಪರೋಟವನ್ನು ಕಾವಲಿಯಲ್ಲಿ ಬೇಯಿಸದೆ, ನಾವು ಬನ್ಸ್ ಕರಿಯುವಂತೆ ಬಾಣಲೆಯ ತುಪ್ಪದಲ್ಲಿ ಕರಿದು ಕೊಡುತ್ತಾರೆ. ಮಾಂಸಾಹಾರಿಗಳಿಗೆ ಜಾಮಾ ಮಸೀದಿಯ ಪಕ್ಕದಲ್ಲಿ 1913ರಿಂದ ನಡೆದುಬಂದ ಕರೀಮ್ಸ್ ಇದೆ.

ಪ್ರಶ್ನೆ: ದಿಲ್ಲಿಯಿಂದ ಒಂದೇ ದಿನದಲ್ಲಿ ತಾಜ್‌ಮಹಲ್ ನೋಡಿ ಬರಬಹುದೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಧಾರಾಳವಾಗಿ. ನಿಜಾಮುದ್ದೀನಿನಿಂದ ಬೆಳಿಗ್ಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ಎರಡು ಗಂಟೆಯೊಳಗೆ ಆಗ್ರಾ ತಲುಪಿಸುತ್ತದೆ, ಸಂಜೆ ಅದರಲ್ಲಿಯೇ ಮರಳಬಹುದು. ಶುಕ್ರವಾರ ತಾಜ್‌ಮಹಲಿಗೆ ರಜೆ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ, ನಾಟಕದ ಹವ್ಯಾಸವಿದೆ. ಸಂದರ್ಶನವೊಂದಕ್ಕಾಗಿ ದಿಲ್ಲಿಗೆ ಹೋಗಬೇಕಾಗಿದ್ದು, ಮಧ್ಯಾಹ್ನ ಎರಡರ ಬಳಿಕ ಬಿಡುವಿರುತ್ತದೆ, ಮರುದಿನ ಬೆಳಿಗ್ಗೆ ವಾಪಸು ರೈಲು. ಅರ್ಧ ದಿನದಲ್ಲಿ, ಹೆಚ್ಚು ಖರ್ಚಿಲ್ಲದೆ ಏನು ನೋಡಲಿ?
– ವಿದ್ಯಾರ್ಥಿ, ಕೊಣಾಜೆ

ಉತ್ತರ: ನಿಮ್ಮ ವಯಸ್ಸಿಗೆ ಇದೆಲ್ಲ ನಡೆದೇ ನೋಡುವ ದಾರಿ. ರಾಜೀವ್ ಚೌಕದಲ್ಲಿ ಇಳಿದು, ಕನಾಟ್ ಪ್ಲೇಸಿನ ದುಂಡನೆಯ ಮೊಗಸಾಲೆಗಳ ಕೆಳಗೆ ಒಂದು ಸುತ್ತು ಹಾಕಿ, ಸಂಸದ್ ಮಾರ್ಗದ ಜಂತರ್ ಮಂತರಿಗೆ ಹೋಗಿ. ಜೈಪುರದ ಸವಾಯಿ ಜಯಸಿಂಹ 1724ರಲ್ಲಿ ಕಟ್ಟಿಸಿದ ಈ ವೀಕ್ಷಣಾಲಯದ ಸಾಮ್ರಾಟ್ ಯಂತ್ರ ಒಂದು ದೈತ್ಯ ನೆರಳು ಗಡಿಯಾರ. ಬಿಸಿಲಿರುವಾಗಲೇ ತಲುಪಿದರೆ ನೆರಳಿನ ಅಂಚು ಸರಿಯುವುದನ್ನು ಕಣ್ಣಾರೆ ಕಾಣಬಹುದು. ಅಲ್ಲಿಂದ ಕಾಲ್ನಡಿಗೆಯಲ್ಲಿ ಸಿಗುವುದು ಅಗ್ರಸೇನನ ಬಾವಲಿ. ಎತ್ತರದ ಕಚೇರಿ ಕಟ್ಟಡಗಳ ಬೆನ್ನಿಗೆ ಅಡಗಿರುವ ಈ ಮೆಟ್ಟಿಲು ಬಾವಿಗೆ ಇಳಿಯುತ್ತ ಹೋದಂತೆ ರಸ್ತೆಯ ಸದ್ದು ಮೆಟ್ಟಿಲು ಮೆಟ್ಟಿಲಿಗೆ ಕಡಿಮೆಯಾಗಿ, ಕೊನೆಗೆ ಪಾರಿವಾಳಗಳ ಗುಟುರು ಮಾತ್ರ ಉಳಿಯುತ್ತದೆ.

ಬಾರಾಖಂಬಾ ರೋಡ್‌ನಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ ಮುಂದೆ ಹೋದರೆ ಮಂಡಿ ಹೌಸ್. ಅದರ ಸಮೀಪದ ಬಹಾವಲ್‌ಪುರ ಹೌಸ್‌ನಲ್ಲಿ ರಾಷ್ಟ್ರೀಯ ನಾಟಕ ಶಾಲೆಯಿದೆ. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು 1977ರಿಂದ 1981ರವರೆಗೆ ಇದರ ನಿರ್ದೇಶಕರಾಗಿದ್ದರು. ಆ ದಿನ ಸಂಜೆ ಪ್ರದರ್ಶನವೇನಾದರೂ ಇದೆಯೇ ಎಂದು ಸೂಚನಾ ಫಲಕದಲ್ಲಿ ನೋಡಿಕೊಳ್ಳಿ. ಇದ್ದರೆ ಉಳಿದ ಯೋಜನೆಯನ್ನು ಬಿಟ್ಟು ಅದಕ್ಕೇ ಕೂರುವುದು ನಿಮ್ಮಂಥವರಿಗೆ ಒಳ್ಳೆಯದು.

ಇಲ್ಲವಾದರೆ ಇಂಡಿಯಾ ಗೇಟಿಗೆ. 1931ರಲ್ಲಿ ಉದ್ಘಾಟನೆಯಾದ, 42 ಮೀಟರ್ ಎತ್ತರದ ಆ ಕಮಾನಿನ ಗೋಡೆಗಳಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಅದರ ಹಿಂದೆ, 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದವರ ಹೆಸರುಗಳನ್ನು ಗ್ರಾನೈಟಿನ ಒಂದೊಂದು ಫಲಕಕ್ಕೆ ಒಬ್ಬರಂತೆ ಕೆತ್ತಿ, ಚಕ್ರದಾಕಾರದ ಗೋಡೆಗಳಲ್ಲಿ ಜೋಡಿಸಿದ್ದಾರೆ, ಪ್ರವೇಶಕ್ಕೆ ಶುಲ್ಕವಿಲ್ಲ. ಎರಡರ ನಡುವಿನ ಮಂಟಪ ಹಿಂದೆ ಐದನೆಯ ಜಾರ್ಜ್‌ನ ಪ್ರತಿಮೆಯ ಜಾಗವಾಗಿತ್ತು, 1968ರಲ್ಲಿ ಅದನ್ನು ತೆಗೆದ ಬಳಿಕ ಬಹುಕಾಲ ಬರಿದಾಗಿತ್ತು. ಈಗ ಅಲ್ಲಿ ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ ಕಡೆದ, 28 ಅಡಿ ಎತ್ತರದ ನೇತಾಜಿಯ ಕಪ್ಪು ಶಿಲೆಯ ಪ್ರತಿಮೆ 2022ರಿಂದ ನಿಂತಿದೆ. ಕತ್ತಲಾಗಿ ದೀಪ ಹಚ್ಚಿದ ಮೇಲೆ ಅದರ ಸಮವಸ್ತ್ರದ ಮಡಿಕೆಗಳು ಹಗಲಿಗಿಂತ ಚೆನ್ನಾಗಿ ಕಾಣುತ್ತವೆ.

ಮರುದಿನ ಹೊರಡುವ ಮೊದಲು ಟಿಕೆಟನ್ನು ಇನ್ನೊಮ್ಮೆ ನೋಡಿ. ಮಂಗಳೂರಿಗೆ ಬರುವ ಮಂಗಳಾ ಎಕ್ಸ್‌ಪ್ರೆಸ್ ಹೊರಡುವುದು ಹಜರತ್ ನಿಜಾಮುದ್ದೀನಿನಿಂದ, ಹೊಸದಿಲ್ಲಿ ನಿಲ್ದಾಣದಿಂದ ಅಲ್ಲ; ಬೆಳಗಿನ ವಾಹನ ದಟ್ಟಣೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಓಡಿ ರೈಲು ಹಿಡಿಯುವುದು ಸುಲಭವಲ್ಲ.